ಯಾರಿಂದ ಯಾರಿಗೆ ಹರಡಿತು ಅಂತ ಗೊತ್ತಾಗಬೇಕು

ಮಾನ್ಯ ಸಂಪಾದಕರೇ,

ನಾನು 17 ವರ್ಷಗಳಿಂದ ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್. ಸೋಂಕು ತರುವ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದ ಪ್ಲೇಟನ್ನು (ರೋಗಿಯ ಸ್ಯಾಂಪಲ್ ಹಾಕಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ದೂರದಿಂದಲೇ ಗುರುತಿಸುತ್ತೇನೆ. ಗುಲಾಬಿ ಬಣ್ಣ, ಲೋಳೆ ಲೋಳೆ. ಲೂಪ್ ಎಂಬ ತಂತಿ ಕಡ್ಡಿ ತಾಗಿಸಿ ಎತ್ತಿದರೆ ಅಂಟಿನ ಹಾಗೆ ಎಳೆ ಬರುತ್ತದೆ. ಕಳೆದ ವರ್ಷ ಒಂದೇ ಐಸಿಯುನಿಂದ ಇಂಥ ಮೂರು ಪ್ಲೇಟ್ ಬಂದವು. ಮೂರಕ್ಕೂ ಮೆರೊಪೆನೆಮ್ ಎಂಬ ಪ್ರಬಲ ಆ್ಯಂಟಿಬಯೋಟಿಕ್ ನಾಟಲಿಲ್ಲ. ಔಷಧದ ಡಿಸ್ಕ್‌ನ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿತ್ತು. ಒಬ್ಬರಿಂದ ಒಬ್ಬರಿಗೆ ಹರಡಿತೋ, ಬೇರೆ ಬೇರೆ ಕಡೆಯಿಂದ ಬಂತೋ? ಮೂರೂ ವರದಿ ಒಂದೇ ಥರ ಇದ್ದವು. ಉತ್ತರ ಸಿಗಲೇ ಇಲ್ಲ.

ಜೀನೋಮ್ ಸೀಕ್ವೆನ್ಸಿಂಗ್, ಅಂದರೆ ಇಡೀ ಡಿಎನ್‌ಎಯನ್ನು ಓದುವ ಪರೀಕ್ಷೆ, ಇದ್ದಿದ್ದರೆ ಸಿಗುತ್ತಿತ್ತು. ಈ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ 50 ಲಕ್ಷಕ್ಕೂ ಜಾಸ್ತಿ ಅಕ್ಷರಗಳಿವೆ. ಅವನ್ನು ಓದಿ ಹೋಲಿಸಿದಾಗ ಬೆರಳೆಣಿಕೆಯಷ್ಟೇ ವ್ಯತ್ಯಾಸ ಕಂಡರೆ ಎಲ್ಲವೂ ಒಂದೇ ಬಳ್ಳಿಯವು. ಸಾವಿರಾರು ಇದ್ದರೆ ಬೇರೆ ಬೇರೆ.

2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲಿ ಇದನ್ನೇ ಮಾಡಿದರು. ಮೊದಲ ರೋಗಿ ಮನೆಗೆ ಹೋಗಿ ಮೂರು ವಾರದ ಮೇಲೆ ಎರಡನೆಯವರಲ್ಲಿ ಕ್ಲೆಬ್ಸಿಯೆಲ್ಲಾ ಕಾಣಿಸಿತು. ಸುಮ್ನೆ ನೋಡಿದರೆ ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಎಲ್ಲವೂ ಆ ಒಬ್ಬರಿಂದಲೇ ಹೊರಟಿದ್ದು ಅಂತ ಸೀಕ್ವೆನ್ಸಿಂಗ್ ತೋರಿಸಿತು. 18 ಜನರಿಗೆ ತಗುಲಿತ್ತು. 6 ಜನ ಆ ಸೋಂಕಿನಿಂದಲೇ ತೀರಿಕೊಂಡರು. ಸ್ವಚ್ಛ ಮಾಡಿಟ್ಟ ವೆಂಟಿಲೇಟರ್‌ನಲ್ಲೂ ಅದು ಸಿಕ್ಕಿತ್ತು.

ಪ್ರತಿ ಆಸ್ಪತ್ರೆಯೂ ಯಂತ್ರ ಕೊಳ್ಳಬೇಕಿಲ್ಲ. ಹತ್ತಾರು ಆಸ್ಪತ್ರೆಗಳಿಗೆ ಒಂದು ಕೇಂದ್ರ ಸಾಕು. ಆದರೆ ವರದಿ ವಾರದೊಳಗೆ ಬರಬೇಕು. ತಪ್ಪು ಮಾಡಿದವರನ್ನು ಹುಡುಕುವುದಕ್ಕಲ್ಲ, ನಾಲ್ಕನೆಯ ಪ್ಲೇಟ್ ಬಾರದಿರಲಿ ಅಂತ.

ಆ ಮೂರು ಸ್ಯಾಂಪಲ್ ಈಗಲೂ ನಮ್ಮ ಫ್ರೀಜರ್‌ನಲ್ಲಿವೆ. ಓದುವವರಿದ್ದರೆ ಕಳಿಸಿಕೊಡಲು ನಾನು ಸಿದ್ಧ.

– ಒಬ್ಬ ಲ್ಯಾಬ್ ಟೆಕ್ನಿಷಿಯನ್