ಹತ್ತು ನಿಮಿಷ ಹೊರಗೆ ಬಾ ದೋಸ್ತ

ಪುಣೆ,
ಸಂಕ್ರಾಂತಿ ಮುಗಿದ ಮೊದಲ ಭಾನುವಾರ

ಪ್ರೀತಿಯ ದೋಸ್ತ,

ಮೊನ್ನೆ ನೀನು ಫೋನ್ ಇಟ್ಟ ಮೇಲೆ ತುಂಬ ಹೊತ್ತು ನಿದ್ದೆ ಬರಲಿಲ್ಲ. ಹೊರಗೆ ಕಾಲಿಟ್ಟು ಹನ್ನೊಂದು ದಿನ ಆಯ್ತು ಅಂದೆ. ಮನೆಯಿಂದ ಗ್ಯಾರೇಜು, ಕಾರು, ಆಫೀಸಿನ ಪಾರ್ಕಿಂಗು, ಅಲ್ಲಿಂದ ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಗಾಜಿನ ಸ್ಕೈವೇ, ಸಂಜೆ ಮತ್ತೆ ಅದೇ ದಾರಿ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮೈನಸ್ 24 ಡಿಗ್ರಿ ಇರುವಾಗ ಇನ್ನೇನು ಮಾಡಲಿ ಅಂತ ಕೇಳಿದೆ. ಆದರೆ ನಿನ್ನ ದನಿಯಲ್ಲಿ ಇದ್ದದ್ದು ಚಳಿ ಅಲ್ಲ. ಅದು ನನಗೆ ಗೊತ್ತು. ಅದೇ ಊರಲ್ಲಿ ಮೂರು ಚಳಿಗಾಲ ಇದ್ದು ಬಂದವನು ನಾನು, ಮೊದಲನೆಯದನ್ನು ಪೂರ್ತಿ ಕಿಟಕಿಯ ಒಳಗೇ ಕಳೆದವನು. ಆ ವರ್ಷ ಫೆಬ್ರವರಿ ಹೊತ್ತಿಗೆ ಊರಿಗೆ ಫೋನ್ ಮಾಡುವುದಕ್ಕೂ ಬೇಜಾರಾಗುತ್ತಿತ್ತು, ಅವ್ವ ಕರೆದರೆ ಸುಮ್ನೆ ಮಲಗಿದ್ದೇನೆ ಅಂತ ಹೇಳಿ ಇಟ್ಟುಬಿಡುತ್ತಿದ್ದೆ.

ಫೋನಲ್ಲಿ ಇದೆಲ್ಲ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹಾಗೆ ಹೀಟರ್ ಪಕ್ಕ ಕೂತಿರುವ ನಮ್ಮ ಹುಡುಗರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಲ್ಲಿ ಇವತ್ತು ಬೆಳಿಗ್ಗೆ 10 ಡಿಗ್ರಿ. ವೇತಾಳ ಟೇಕಡಿ ಹತ್ತುವಾಗ ಎದುರಿಗೆ ಸಿಕ್ಕವರೆಲ್ಲ ಮಂಕಿ ಕ್ಯಾಪು, ಮಫ್ಲರು ಸುತ್ತಿಕೊಂಡು "ಖೂಪ್ ಥಂಡಿ" ಅನ್ನುತ್ತಿದ್ದರು. ಮೇಲೆ ಹಳೇ ಕಲ್ಲು ಕ್ವಾರಿಯ ಹತ್ತಿರ ಬಂಡೆಯ ಮೇಲೆ ಒಂದು ರೆಡ್‌ಸ್ಟಾರ್ಟ್ ಕೂತಿತ್ತು. ಗುಬ್ಬಿಯಷ್ಟೇ ಇರುವ ಹಕ್ಕಿ, ಕೆಂಪು ಬಾಲ. ಆ ಬಾಲ ಒಂದು ಕ್ಷಣವೂ ಸುಮ್ಮನೆ ಇರಲ್ಲ, ನಡುಗುತ್ತಲೇ ಇರುತ್ತದೆ. ಚಳಿಗಲ್ಲ, ಅದರ ಸ್ವಭಾವವೇ ಹಾಗೆ. ಹಿಮಾಲಯದ ಕಡೆಯಿಂದ ಚಳಿ ತಪ್ಪಿಸಿಕೊಂಡು ಇಲ್ಲಿಗೆ ಬರುತ್ತದೆ. ಹೋದ ವಾರ ಭಿಗವಣಕ್ಕೂ ಹೋಗಿದ್ದೆ. ಬೆಳಗಿನ ಜಾವ ಉಜನಿ ಹಿನ್ನೀರಲ್ಲಿ ದೋಣಿ ಹತ್ತಿದರೆ ದಂಡೆಯ ತುಂಬ ಪಟ್ಟೆತಲೆ ಹೆಬ್ಬಾತು. ನೆನಪಾಯ್ತಾ? ನಮ್ಮ ಗದಗ ಕಡೆಯ ಮಾಗಡಿ ಕೆರೆಗೆ ಬರುತ್ತಿದ್ದವಲ್ಲ, ತಲೆಯ ಹಿಂದೆ ಎರಡು ಕಪ್ಪು ಪಟ್ಟಿ ಇರುವವು, ಅವೇ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಬೆನ್ನಿಗೆ ಯಂತ್ರ ಕಟ್ಟಿ ನೋಡಿದಾಗ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿತ್ತಂತೆ. ಹುಡುಗರಿದ್ದಾಗ ಸೈಕಲ್ ಹೊಡೆದು ನೋಡಲು ಹೋಗುತ್ತಿದ್ದ ಆ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು ಅಂತ ಓದಿ ನಾನು ಎಷ್ಟು ಕುಣಿದಾಡಿದೆ ಅಂದರೆ, ಆಫೀಸಲ್ಲಿ ಎಲ್ಲರಿಗೂ ಧಾರವಾಡ ಪೇಡೆ ಹಂಚಿದೆ.

ಇವೆಲ್ಲ ಚಳಿ ಬಿಟ್ಟು ಓಡಿ ಬಂದ ಹಕ್ಕಿಗಳು. ನಾನು ಹೇಳಬೇಕಾಗಿರುವುದು ಓಡದೆ ಅಲ್ಲೇ ನಿಂತವುಗಳ ವಿಷಯ. ನಿನ್ನ ಮನೆಯ ಹಿಂದೆ ಈಗಲೂ ಇವೆ.

ನನ್ನ ಎರಡನೇ ಚಳಿಗಾಲದಲ್ಲಿ ಒಂದು ದಿನ ಬೆಳಿಗ್ಗೆ, ಕಸ ಹಾಕಲು ಹೊರಗೆ ಹೋದವನು, ಡಬ್ಬಿಯ ಪಕ್ಕದ ಮರದಲ್ಲಿ ಚಿಕಡೀ ಅನ್ನುವ ಪುಟ್ಟ ಹಕ್ಕಿ ನೋಡಿದೆ. ಕಪ್ಪು ಟೋಪಿ, ಕಪ್ಪು ಗದ್ದ, ಬಿಳೀ ಕೆನ್ನೆ. ಪುಕ್ಕ ಉಬ್ಬಿಸಿಕೊಂಡು ಉಂಡೆಯಾಗಿ ಕೂತಿತ್ತು, ಅದರ ಬಾಲ ಮಾತ್ರ ಒಂದು ಪಕ್ಕಕ್ಕೆ ಬಾಗಿತ್ತು. ಗಾಯ ಆಗಿದೆ ಅಂದುಕೊಂಡೆ. ಆಮೇಲೆ ಪಾರ್ಕಿನಲ್ಲಿ ಹಕ್ಕಿ ನೋಡುವ ಒಬ್ಬ ಅಜ್ಜಿ ಹೇಳಿದರು: ರಾತ್ರಿಯೆಲ್ಲ ಇಕ್ಕಟ್ಟಿನ ಮರದ ಪೊಟರೆಯಲ್ಲಿ ಮುದುಡಿ ಮಲಗಿದ್ದಕ್ಕೆ ಬಾಲ ಹಾಗಾಗಿದೆ ಅಂತ. ಹನ್ನೊಂದು ಗ್ರಾಂ ತೂಕದ ಜೀವ ಅದು, ಎರಡು ಐದು ರೂಪಾಯಿ ನಾಣ್ಯ ಕೈಯಲ್ಲಿಟ್ಟುಕೊಂಡು ನೋಡು, ಹೆಚ್ಚುಕಡಿಮೆ ಅಷ್ಟೇ. ಹಗಲು ಅದರ ಮೈ 42 ಡಿಗ್ರಿ ಬಿಸಿ ಇರುತ್ತದೆ. ರಾತ್ರಿ ಅಷ್ಟು ಬಿಸಿ ಉಳಿಸಿಕೊಳ್ಳುವಷ್ಟು ಕೊಬ್ಬು ಮೈಯಲ್ಲಿ ಇರಲ್ಲ, ಹಾಗಾಗಿ ತಾನೇ ಸುಮಾರು 10 ಡಿಗ್ರಿ ಇಳಿಸಿಕೊಂಡು, ನಡುಗುತ್ತಾ ನಡುಗುತ್ತಾ ಬೆಳಗು ಮಾಡುತ್ತದೆ. ಬೆಳಗಾದ ಕೂಡಲೇ ಮತ್ತೆ ಹೊಟ್ಟೆ ತುಂಬಿಸಬೇಕು, ಆ ದಿನದ ದುಡಿಮೆ ಆ ರಾತ್ರಿಗೇ ಸರಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಒಂಬತ್ತು ತಾಸು ಕೂಡ ಬೆಳಕಿರಲ್ಲ, ಅಷ್ಟರಲ್ಲೇ ಎಲ್ಲ ಮುಗಿಯಬೇಕು.

ಕಸದ ಚೀಲ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ ನಾನು. ಎಷ್ಟೋ ವಾರದ ಮೇಲೆ ಅವತ್ತು ಮೊದಲ ಸಲ, ನಾಳೆ ಬೆಳಿಗ್ಗೆ ಬೇಗ ಏಳಬೇಕು ಅನ್ನಿಸಿತು.

ಅವತ್ತೇ ಅಂಗಡಿಗೆ ಹೋಗಿ ಸಿಕ್ಕ ಅಗ್ಗದ ಕಾಳಿನ ಚೀಲ ತಂದೆ. ಬಿಚ್ಚಿ ನೋಡಿದರೆ ಒಳಗೆ ನಮ್ಮ ಕೆಂಪು ಜೋಳ! ನನಗಾದ ಖುಷಿ ಅಷ್ಟಿಷ್ಟಲ್ಲ. ಆದರೆ ಅಲ್ಲಿನ ಸಣ್ಣ ಹಕ್ಕಿಗಳಿಗೆ ಜೋಳ ಬೇಡ, ಕೊಕ್ಕಿನಿಂದ ಎತ್ತಿ ಎತ್ತಿ ಕೆಳಗೆ ಬಿಸಾಡಿದವು, ಬಿದ್ದದ್ದೆಲ್ಲ ಹಿಮದಡಿ ಕೊಳೆಯಿತು. ಹಾಗಾಗಿ ನೀನು ಮಿಶ್ರ ಕಾಳು ತರಬೇಡ. ಕಪ್ಪು ಸೂರ್ಯಕಾಂತಿ ಬೀಜ ಕೇಳು, ಎಣ್ಣೆ ತೆಗೆಯುವ ಜಾತಿಯದು, ಸಿಪ್ಪೆ ತೆಳ್ಳಗೆ, ಒಳಗೆ ಕೊಬ್ಬು ಜಾಸ್ತಿ. ನಿಮ್ಮ ಹೊಲದಲ್ಲಿ ಬೆಳೆಯುತ್ತಿದ್ದದ್ದೇ. ಗಿಳಿ ಓಡಿಸೋಕೆ ಅಟ್ಟಣಿಗೆ ಮೇಲೆ ಕೂತು ಡಬ್ಬಿ ಬಡಿಯುತ್ತಿದ್ದೆವಲ್ಲ, ಈಗ ಅದೇ ಬೀಜ ಹಾಕಿ ಹಕ್ಕಿ ಕರಿ. ಸೂಯೆಟ್ ಅಂತ ಇನ್ನೊಂದು ಸಿಗುತ್ತದೆ, ಅದು ದನದ ಕೊಬ್ಬು, ನಿಮ್ಮ ಮನೆಯಲ್ಲಿ ನಡೆಯಲ್ಲ, ಬೇಡ ಬಿಡು. ಉಪ್ಪು ಹಾಕದ ಶೇಂಗಾ ಇಡು. ಮರಕುಟಿಗ ಬರುತ್ತದೆ, ನೀಲಿ ಜೇ ಬರುತ್ತದೆ. ಶೇಂಗಾ ಕಂಡರೆ ನಮ್ಮಷ್ಟೇ ಪ್ರೀತಿ ಅವಕ್ಕೂ.

ಚಿಕಡೀ ತಿನ್ನುವುದನ್ನು ಹತ್ತಿರದಿಂದ ನೋಡು. ತಟ್ಟೆಯ ಹತ್ತಿರ ಕೂತು ತಿನ್ನಲ್ಲ. ಬಂದು ಒಂದೇ ಒಂದು ಬೀಜ ಎತ್ತಿಕೊಂಡು ಕೊಂಬೆಗೆ ಹಾರುತ್ತದೆ, ಎರಡೂ ಕಾಲಿನ ನಡುವೆ ಬೀಜ ಒತ್ತಿ ಹಿಡಿದು ಕೊಕ್ಕಿನಿಂದ ಟಕ್ ಟಕ್ ಅಂತ ಒಡೆಯುತ್ತದೆ, ಸಿಪ್ಪೆ ಬೀಳುತ್ತದೆ, ತಿಂದು ಮತ್ತೆ ಬರುತ್ತದೆ. ಕೆಲವು ಸಲ ತಿನ್ನದೆ ತೊಗಟೆಯ ಸಂದಿಯಲ್ಲಿ ಬಚ್ಚಿಡುತ್ತದೆ. ಒಂದೊಂದು ಬೀಜ ಒಂದೊಂದು ಕಡೆ, ವಾರಗಳ ಮೇಲೂ ನೆನಪಿಟ್ಟುಕೊಂಡು ಹೋಗಿ ತೆಗೆಯುತ್ತದೆ.

ವೈನಿ ಫೋನಲ್ಲಿ ಒಂದು ಮಾತು ಕೇಳಿದರು, ರೂಢಿ ಮಾಡಿಬಿಟ್ಟು ನಾವು ಊರಿಗೆ ಬಂದರೆ ಅವುಗಳ ಗತಿ ಏನು ಅಂತ. ಒಳ್ಳೆಯ ಪ್ರಶ್ನೆ, ಅಲ್ವಾ? ನಿಮ್ಮ ಪಕ್ಕದ ವಿಸ್ಕಾನ್ಸಿನ್‌ನಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 1980ರ ದಶಕದಲ್ಲಿ ಮಾಡಿದ ಕೆಲಸ. ಕಾಳು ಹಾಕಿದ ಕಡೆ ಚಿಕಡೀಗಳಲ್ಲಿ ನೂರಕ್ಕೆ 69 ಚಳಿಗಾಲ ದಾಟಿದವು, ಹಾಕದ ಕಡೆ 37. ಈ ವ್ಯತ್ಯಾಸ ಆದದ್ದು ಮುಖ್ಯವಾಗಿ ತೀರಾ ಕೊರೆಯುವ ದಿನಗಳಲ್ಲಿ. ಅದೇ ಜನ ಇನ್ನೊಂದು ಕಡೆ, ವರ್ಷಗಟ್ಟಲೆ ಕಾಳು ಸಿಗುತ್ತಿದ್ದ ಜಾಗದಲ್ಲಿ, ಹಾಕುವುದನ್ನು ನಿಲ್ಲಿಸಿ ನೋಡಿದರು. ಕಾಳನ್ನೇ ಕಾಣದ ಕಾಡಿನ ಹಕ್ಕಿಗಳಷ್ಟೇ ಚೆನ್ನಾಗಿ ಅವೂ ಬದುಕಿದವು. ಅಂದರೆ ಅವು ನಮ್ಮನ್ನೇ ನಂಬಿ ಕೂರಲ್ಲ. ಹುಡುಕಿ ತಿನ್ನುವುದನ್ನು ಮರೆಯಲ್ಲ. ಆದರೂ ನೀವು ಊರಿಗೆ ಹೊರಡುವುದು ಜನವರಿಯಲ್ಲಾದರೆ ಪಕ್ಕದ ಮನೆಯವರಿಗೆ ಚೀಲ ಕೊಟ್ಟು ಬನ್ನಿ, ನನ್ನ ಮನಸ್ಸಿಗೆ ಸಮಾಧಾನ.

ಕಾಳು ಹಾಕಿದರೆ ಸಾಲದು, ತಟ್ಟೆ ತೊಳೆಯಬೇಕು. ಎರಡು ವಾರಕ್ಕೊಮ್ಮೆಯಾದರೂ ಬಿಸಿನೀರಲ್ಲಿ ಉಜ್ಜಿ, ಪೂರ್ತಿ ಒಣಗಿಸಿ ಇಡು. ಒಂದೇ ಕಡೆ ಗುಂಪು ಸೇರಿದಾಗ ರೋಗ ಹಬ್ಬುತ್ತದೆ. ಕಣ್ಣು ಊದಿಕೊಂಡ ಫಿಂಚ್ ಹಕ್ಕಿ ಕಂಡರೆ ಎಲ್ಲ ತೆಗೆದು ತೊಳೆದು, ಕೆಲವು ದಿನ ಹಾಕುವುದನ್ನೇ ನಿಲ್ಲಿಸು. ಕಿಟಕಿ ಗಾಜು ಇನ್ನೊಂದು ಅಪಾಯ. ತಟ್ಟೆಯನ್ನು ಒಂದೋ ಗಾಜಿಗೆ ತೀರಾ ಹತ್ತಿರ, ಮೂರು ಅಡಿಯೊಳಗೆ ತೂಗುಹಾಕು, ಇಲ್ಲಾ ಮೂವತ್ತು ಅಡಿ ಆಚೆ. ನಡುವೆ ಇಟ್ಟರೆ ಹಾರುವ ವೇಗಕ್ಕೆ ಬಂದು ಬಡಿದು ಸಾಯುತ್ತವೆ. ನಾನು ಮೊದಲು ಹತ್ತು ಅಡಿ ದೂರಕ್ಕೆ ಕಟ್ಟಿದ್ದೆ. ಒಂದು ಜುಂಕೋ ಹಕ್ಕಿ ಬಡಿದು ಬಿತ್ತು. ಅಂಗೈಯಲ್ಲಿಟ್ಟುಕೊಂಡೆ, ಇನ್ನೂ ಬೆಚ್ಚಗಿತ್ತು, ಕಣ್ಣು ತೆರೆದೇ ಇತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಿನ್ನ ಕೈಯಿಂದ ಹಾಗಾಗುವುದು ಬೇಡ.

ನೀರನ್ನೂ ಇಡು. ಎಲ್ಲ ಗಟ್ಟಿಯಾಗಿರುವಾಗ ಕುಡಿಯಲು ನೀರು ಸಿಗುವುದೇ ಕಷ್ಟ. ಹೆಪ್ಪುಗಟ್ಟದ ಹಾಗೆ ಕರೆಂಟಿನಲ್ಲಿ ಬೆಚ್ಚಗಿಡುವ ಬೋಗುಣಿ ಸಿಗುತ್ತದೆ.

ಇನ್ನು ನಿನ್ನ ವಿಷಯ. ಕಾಳು ಹಾಕಿ ಕಿಟಕಿಯಿಂದ ನೋಡಿ ಸುಮ್ಮನಾಗಬೇಡ, ನಡಿ. ಹತ್ತಿ ಬಟ್ಟೆ ಮಾತ್ರ ಬೇಡ, ಜೀನ್ಸೂ ಬೇಡ. ಹತ್ತಿ ಬೆವರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ, ನಿಂತ ಕೂಡಲೇ ತಣ್ಣಗೆ ಕೊರೆಯುತ್ತದೆ. ಒಳಗೆ ಉಣ್ಣೆಯದು ಅಥವಾ ಬೇಗ ಒಣಗುವ ಬಟ್ಟೆ, ಅದರ ಮೇಲೆ ಬೆಚ್ಚನೆಯದು, ಹೊರಗೆ ಗಾಳಿ ತಡೆಯುವುದು. ಹಕ್ಕಿ ಪುಕ್ಕ ಉಬ್ಬಿಸುವುದೂ ಇದಕ್ಕೇ, ನಡುವೆ ಗಾಳಿ ಹಿಡಿದಿಡಲು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಲಿ, ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಐದು ಬೆರಳಿನ ಗ್ಲೌಸ್ ಬಿಟ್ಟು, ಹೆಬ್ಬೆರಳು ಬಿಟ್ಟು ಉಳಿದ ಬೆರಳೆಲ್ಲ ಒಟ್ಟಿಗೆ ಇರುವ ಮಿಟನ್ ಹಾಕಿಕೋ. ನಾನು ಒಮ್ಮೆ ಫೋಟೋ ತೆಗೆಯುವ ಆಸೆಗೆ ಬರಿಗೈಯಲ್ಲಿ ನಿಂತೆ, ಎರಡು ಬೆರಳ ತುದಿ ಮೇಣದ ಹಾಗೆ ಬಿಳಿಚಿಕೊಂಡವು, ನೋವೂ ಗೊತ್ತಾಗಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಓಡಿದೆ. ಹಾಗೇನಾದರೂ ಆದರೆ ಉಜ್ಜಬೇಡ. ಗಾಳಿಯ ಲೆಕ್ಕ ನೋಡಿಯೇ ಹೊರಡು. ಮೈನಸ್ 18 ಇದ್ದು ಗಂಟೆಗೆ 24 ಕಿಲೋಮೀಟರ್ ಗಾಳಿ ಇದ್ದರೆ ಮೈಗೆ ಮೈನಸ್ 28ರ ಹಾಗೆ ತಾಗುತ್ತದೆ, ಮುಚ್ಚದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಹೋಗುವಾಗ ಗಾಳಿಗೆ ಎದುರಾಗಿ ಹೋಗು, ಬೆವರಿದ ಮೇಲೆ ಬರುವಾಗ ಅದು ಬೆನ್ನಿಗಿರಲಿ. ಒಬ್ಬನೇ ಇದ್ದಾಗ ಕೆರೆಯ ಐಸ್ ಮೇಲೆ ಇಳಿಯಬೇಡ, ದಂಡೆಯ ದಾರಿಯಲ್ಲೇ ನಡಿ. ಇಷ್ಟೆಲ್ಲ ಮಾಡಿಯೂ ಮನಸ್ಸಿನ ಭಾರ ಇಳಿಯದಿದ್ದರೆ ಡಾಕ್ಟರ್ ಹತ್ತಿರ ಹೋಗು, ಮುಚ್ಚಿಡಬೇಡ. ನನಗೂ ಹೇಳು.

ಸ್ವಲ್ಪ ಧೈರ್ಯ ಬಂದ ಮೇಲೆ ವೈನಿಯನ್ನೂ ಮಗಳನ್ನೂ ಕರೆದುಕೊಂಡು ಮಾಂಟಿಸೆಲ್ಲೊಗೆ ಹೋಗು. ಒಂದು ತಾಸಿನ ದಾರಿ. ಅಲ್ಲಿನ ಅಣು ವಿದ್ಯುತ್ ಸ್ಥಾವರದ ಬಿಸಿನೀರು ಸೇರುವುದರಿಂದ ಮಿಸಿಸಿಪ್ಪಿ ಹೆಪ್ಪುಗಟ್ಟಲ್ಲ. ಆ ನೀರಿನ ತುಂಬ ಟ್ರಂಪೆಟರ್ ಹಂಸಗಳು. ಮಿನ್ನೆಸೋಟದಲ್ಲಿ ಒಂದು ಕಾಲಕ್ಕೆ ಈ ಹಂಸ ಒಂದೂ ಉಳಿದಿರಲಿಲ್ಲ, 1960ರ ದಶಕದಿಂದ ಮತ್ತೆ ತಂದು ಬೆಳೆಸಿದರು. 1980ರ ದಶಕದಲ್ಲಿ ಆ ಊರಿನ ಒಬ್ಬ ಹೆಣ್ಣುಮಗಳು ನದಿಗೆ ಬಂದ ಕೆಲವೇ ಹಂಸಗಳಿಗೆ ಮೆಕ್ಕೆಜೋಳ ಹಾಕಲು ಶುರು ಮಾಡಿದರು. ವರ್ಷ ಕಳೆದ ಹಾಗೆ ಅವು ಸಾವಿರ ದಾಟಿದವು. ಆಕೆ ತೀರಿಕೊಂಡ ಮೇಲೆ ಗಂಡ ಅದನ್ನು ಮುಂದುವರಿಸಿದರು. ನಾನು ಹೋದ ದಿನ ನೀರಿನಿಂದ ಹಬೆ ಏಳುತ್ತಿತ್ತು, ಹಬೆಯೊಳಗಿಂದ ಕಹಳೆ ಊದಿದ ಹಾಗೆ ಕೂಗು, ಹಂಸ ಮಾತ್ರ ಕಾಣುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಒಂದೊಂದೇ ಬಿಳೀ ಕತ್ತು ಹೊರಗೆ ಬಂದವು. ಎರಡು ತಾಸು ನಿಂತಿದ್ದೆ. ಚಳಿ ಇತ್ತು, ನೆನಪೇ ಆಗಲಿಲ್ಲ.

ಫೆಬ್ರವರಿ ನಡುವೆ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ ಇರುತ್ತದೆ. 1998ರಲ್ಲಿ ನಿಮ್ಮ ಕಡೆಯೇ ಶುರುವಾದದ್ದು, 2013ರಿಂದ ಎಲ್ಲ ದೇಶದವರೂ ಸೇರಬಹುದು. ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿ ಬರೆದುಕೊಂಡರೆ ಸಾಕು. ಈ ಸಲ ಇಬ್ಬರೂ ಮಾಡೋಣ. ನನ್ನ ಬೆಳಗು ನಿನ್ನ ರಾತ್ರಿ, ಒಟ್ಟಿಗೆ ಎಣಿಸಲು ಆಗಲ್ಲ. ನಾನು ಮೊದಲು ಟೇಕಡಿಯಲ್ಲಿ ಎಣಿಸಿ ಪಟ್ಟಿ ಕಳಿಸುತ್ತೇನೆ, ನೀನು ಎದ್ದು ನಿನ್ನದು ಕಳಿಸು.

ಅದಕ್ಕಿನ್ನೂ ಸಮಯ ಇದೆ. ನಾಳೆ ಬರೀ ಹತ್ತು ನಿಮಿಷ. ಮನೆಯ ಹಿಂದಿನ ಮರದವರೆಗೆ ಹೋಗಿ ಸುಮ್ಮನೆ ನಿಲ್ಲು, ಚಿಕಡೀ ತನ್ನ ಹೆಸರನ್ನೇ ಕೂಗುತ್ತದೆ, ಗುರುತು ಸಿಗುತ್ತದೆ. ಒಳಗೆ ಬಂದು ಚಹಾಕ್ಕೆ ಇಟ್ಟು ಫೋನ್ ಮಾಡು. ಇಲ್ಲಿ ರಾತ್ರಿ ಆಗಿರುತ್ತದೆ, ಪರವಾಗಿಲ್ಲ, ಎದ್ದಿರುತ್ತೇನೆ. ಬಾಲ ಬಾಗಿತ್ತಾ ಇಲ್ಲವಾ, ಅದನ್ನು ಮೊದಲು ಹೇಳಬೇಕು ನೋಡು.

ನಿನ್ನ ದೋಸ್ತ