ಕರೆದರೆ ಮನೆಗೇ ಬರುತ್ತಿದ್ದ ಡಾಕ್ಟರು

ಗೆಳೆಯಾ,

ಸರಣಿ ಹಂತಕ ಅಂದ ಕೂಡಲೇ ನೀನು ಜಾಕ್ ದಿ ರಿಪ್ಪರ್ ಹೆಸರು ಎತ್ತುತ್ತೀಯ. ನನಗೆ ಅವನಿಗಿಂತ ಜಾಸ್ತಿ ಭಯ ಹುಟ್ಟಿಸುವವನು ಹೆರಾಲ್ಡ್ ಶಿಪ್‌ಮನ್. ಗಡ್ಡ, ಕನ್ನಡಕ, ಕೈಯಲ್ಲೊಂದು ಬ್ಯಾಗು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಅನ್ನೋ ಊರಿನ ಫ್ಯಾಮಿಲಿ ಡಾಕ್ಟರು. ಕರೆದರೆ ಮನೆಗೇ ಬರುತ್ತಾರೆ ಅಂತ ವಯಸ್ಸಾದವರಿಗೆಲ್ಲ ಅಚ್ಚುಮೆಚ್ಚು.

ಬರುತ್ತಿದ್ದದ್ದು ನಿಜ. ಬಂದು ಡೈಮಾರ್ಫಿನ್ ಚುಚ್ಚುತ್ತಿದ್ದ. ಅಂದರೆ ಹೆರಾಯಿನ್ನೇ, ಅಲ್ಲಿ ಕ್ಯಾನ್ಸರ್ ರೋಗಿಗಳ ನೋವಿಗೆ ಕೊಡುತ್ತಾರೆ. ಡೋಸು ಜಾಸ್ತಿಯಾದರೆ ಉಸಿರು ನಿಲ್ಲುತ್ತದೆ. ಆಮೇಲೆ ಸಾವಿನ ಸರ್ಟಿಫಿಕೇಟ್ ಬರೆಯುವವನೂ ಅವನೇ! ವಯಸ್ಸಾಗಿತ್ತು ಅಂತ ಗೀಚಿದರೆ ಕೇಳುವವರಾರು? ಇದೇ ಮನುಷ್ಯ 1975ರಲ್ಲಿ ತನ್ನ ಚಟಕ್ಕೆ ಪೆಥಿಡಿನ್ ಅನ್ನೋ ನೋವು ನಿವಾರಕ ಮಾದಕ ಮದ್ದಿನ ಚೀಟಿಗಳನ್ನು ನಕಲಿ ಮಾಡಿ ಸಿಕ್ಕಿಬಿದ್ದಿದ್ದ. 1976ರಲ್ಲಿ ದಂಡ ಕಟ್ಟಿದ, ಮರುವರ್ಷ ಹೈಡ್‌ಗೆ ಬಂದು ಮತ್ತೆ ಸ್ಟೆತಸ್ಕೋಪ್ ಹಾಕಿಕೊಂಡ.

ಯಾರಿಗೂ ಅನುಮಾನ ಬರಲಿಲ್ಲ ಅಂದುಕೊಳ್ಳಬೇಡ. ಶವಸಂಸ್ಕಾರದ ಕೆಲಸದವರು ನೋಡಿದ್ದರು: ಸತ್ತವರು ಹಾಸಿಗೆ ಹಿಡಿದವರಲ್ಲ, ದಿನದ ಬಟ್ಟೆ ತೊಟ್ಟು ಕುರ್ಚಿಯಲ್ಲೋ ಸೋಫಾದಲ್ಲೋ ಕೂತ ಹಾಗೇ ಇರುತ್ತಿದ್ದರು, ಮನೆಯಲ್ಲಿ ಕಾಯಿಲೆಯ ಸುಳಿವೇ ಇಲ್ಲ. ಒಬ್ಬ ಟ್ಯಾಕ್ಸಿ ಚಾಲಕನಿಗೂ ತನ್ನ ಗಿರಾಕಿ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿರುವುದು ವಿಚಿತ್ರ ಅನಿಸಿತ್ತು. ಹೆಣ ಸುಡಲು ಅಲ್ಲಿ ಇನ್ನೊಬ್ಬ ಡಾಕ್ಟರ ಸಹಿಯೂ ಬೇಕಿತ್ತು. ಹಾಗೆ ಸಹಿ ಹಾಕುತ್ತಿದ್ದ ಪಕ್ಕದ ಕ್ಲಿನಿಕ್ಕಿನ ವೈದ್ಯೆಯೊಬ್ಬರು, ಇದೇನು ಇಷ್ಟೊಂದು ಸಾವು ಅಂತ 1998ರ ಮಾರ್ಚ್‌ನಲ್ಲಿ ದೂರು ಕೊಟ್ಟರು. ಪೊಲೀಸರು ಅವನ ಹಳೇ ಕೇಸನ್ನೂ ಹುಡುಕದೆ, ಏಪ್ರಿಲ್‌ನಲ್ಲಿ ಫೈಲು ಮುಚ್ಚಿದರು. ಆಮೇಲೂ ಮೂವರು ಸತ್ತರು. ನನಗೆ ಸಿಟ್ಟು ಬರೋದು ಇಲ್ಲೇ.

ಮೂರನೆಯವರು ಕ್ಯಾತ್ಲೀನ್ ಗ್ರಂಡಿ, 81 ವರ್ಷ. ಆಸ್ತಿಯೆಲ್ಲ ಡಾಕ್ಟರಿಗೆ ಅಂತ ಒಂದು ವಿಲ್ ಹೊರಬಂತು, 3,86,000 ಪೌಂಡ್. ಮಗಳು ವಕೀಲೆ, ಅಮ್ಮನ ಕಾಗದಪತ್ರ ನೋಡಿಕೊಳ್ಳುತ್ತಿದ್ದವಳು. ಅವಳ ಮುಂದೆ ಈ ಆಟ ನಡೆಯುತ್ತಾ? ವಿಲ್ ಟೈಪಾಗಿದ್ದು ಶಿಪ್‌ಮನ್‌ನ ಟೈಪ್‌ರೈಟರಿನಲ್ಲೇ. ಹೂತಿದ್ದ ಶವ ತೆಗೆಸಿದರೆ ಡೈಮಾರ್ಫಿನ್ ಸಿಕ್ಕಿತು. ಆಕೆಗೆ ಡ್ರಗ್ಸ್ ಚಟವಿತ್ತು ಅಂತ ಕಂಪ್ಯೂಟರಿನಲ್ಲಿ ಹಳೇ ತಾರೀಕು ಹಾಕಿ ಬರೆದಿಟ್ಟಿದ್ದ, ಪುಣ್ಯಾತ್ಮ! ಯಾವುದನ್ನು ಯಾವಾಗ ಬರೆದದ್ದು ಅಂತ ಹಾರ್ಡ್‌ಡಿಸ್ಕ್ ಹೇಳಿಬಿಟ್ಟಿತು.

2000ದ ಜನವರಿಯಲ್ಲಿ 15 ಕೊಲೆಗೆ ಜೀವಾವಧಿ ಆಯಿತು. ನ್ಯಾಯಮೂರ್ತಿ ಜಾನೆಟ್ ಸ್ಮಿತ್ ತನಿಖೆ ಮಾಡಿದಾಗ ಲೆಕ್ಕ 215ಕ್ಕೆ ಏರಿತು, ಕೊನೆಗೆ ಸುಮಾರು 250 ಅಂದರು. ಯಾಕೆ ಕೊಂದೆ ಅಂತ ಅವನು ಬಾಯಿಬಿಡಲೇ ಇಲ್ಲ. 2004ರಲ್ಲಿ ವೇಕ್‌ಫೀಲ್ಡ್ ಜೈಲಿನಲ್ಲಿ ನೇಣು ಹಾಕಿಕೊಂಡ.

ಸಾವಿನ ಕಾರಣವನ್ನು ಚಿಕಿತ್ಸೆ ಕೊಟ್ಟ ಡಾಕ್ಟರು ಒಬ್ಬರೇ ಬರೆದು ಮುಗಿಸಬಾರದು, ಬೇರೆಯವರೂ ಪರೀಕ್ಷಿಸಲಿ ಅಂತ ಸ್ಮಿತ್ 2003ರಲ್ಲೇ ಹೇಳಿದ್ದರು. ಅದು ಇಂಗ್ಲೆಂಡಿನಲ್ಲಿ ಕಡ್ಡಾಯವಾದದ್ದು 2024ರ ಸೆಪ್ಟೆಂಬರ್‌ನಲ್ಲಿ ಕಣೋ.

ಇಂತಿ,
ನಿನ್ನ ಗೆಳೆಯ