ಮೊರೇ ಹಾವುಮೀನನ್ನು ಮಾರುವ ಮುನ್ನ ತಿಳಿಸಬೇಕಾದದ್ದು

ಮಾನ್ಯ ಸಂಪಾದಕರೇ,

ಮೊರೇ ಎಂಬುದು ಗಾಜಿನ ತೊಟ್ಟಿಯಲ್ಲಿ ಸಾಕುವ, ಹಾವಿನಂತೆ ಉದ್ದನೆಯ ಸಮುದ್ರದ ಮೀನು. ನಾನು ಮೊದಲು ಸಾಕಿದ ಸ್ನೋಫ್ಲೇಕ್ ಜಾತಿಯ ಮೊರೇ ಹಾವುಮೀನು, ಫಿಲ್ಟರ್ ಕೊಳವೆಗಾಗಿ ತೊಟ್ಟಿಯ ಮುಚ್ಚಳದಲ್ಲಿ ಬಿಟ್ಟಿದ್ದ ಎರಡು ಬೆರಳಗಲದ ಸಂದಿಯಿಂದ ರಾತ್ರಿ ಹೊರಬಿದ್ದು, ಬೆಳಿಗ್ಗೆ ನೋಡುವಷ್ಟರಲ್ಲಿ ನೆಲದ ಮೇಲೆ ಒಣಗಿ ಸತ್ತಿತ್ತು. ಅಷ್ಟು ಕಿರಿದಾದ ಸಂದಿಯೂ ಅದಕ್ಕೆ ದಾರಿಯಾಗುತ್ತದೆಂದು ಮಾರಿದವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ನೋವು ಇನ್ನೊಬ್ಬರಿಗೆ ಬರಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ಈ ಮೀನಿಗೆ ತೊಟ್ಟಿಯ ಅಂದಕ್ಕಿಂತ ಭದ್ರವಾದ ಮುಚ್ಚಳ ಮುಖ್ಯ. ಕೊಳವೆ, ತಂತಿ ಹಾದುಹೋಗುವ ಪ್ರತಿ ಸಂದಿಯನ್ನೂ ಬಲೆಯಿಂದ ಮುಚ್ಚಿ, ಮುಚ್ಚಳದ ಮೇಲೆ ಭಾರ ಇಡಬೇಕು. ಹಗಲೆಲ್ಲ ಅಡಗಿರುವುದು ಅದರ ಸ್ವಭಾವವಾದ್ದರಿಂದ ಮೈ ಪೂರ್ತಿ ಹಿಡಿಸುವಂತಹ ಪಿವಿಸಿ ಪೈಪಿನ ತುಂಡುಗಳನ್ನೋ ಕಲ್ಲಿನ ಗವಿಯನ್ನೋ ಒದಗಿಸಬೇಕು. ಕಲ್ಲುಗಳನ್ನು ಮರಳಿನ ಮೇಲೆ ಇಡದೆ ತೊಟ್ಟಿಯ ತಳಕ್ಕೇ ಊರಿ ನಿಲ್ಲಿಸದಿದ್ದರೆ, ಅದು ಅಡಿಯ ಮರಳನ್ನು ತೋಡಿದಾಗ ಅವು ಅದರ ಮೇಲೆಯೇ ಉರುಳಬಹುದು. ಅದಕ್ಕೆ ಹುರುಪೆಗಳಿಲ್ಲ, ಲೋಳೆಯೇ ರಕ್ಷಣೆ. ಆದ್ದರಿಂದ ತಾಮ್ರ ಬೆರೆತ ಮೀನಿನ ಔಷಧಿಗಳನ್ನು ಆ ತೊಟ್ಟಿಗೆ ಹಾಕದಿರುವುದೇ ಒಳ್ಳೆಯದು.

ಆಹಾರದ ವಿಷಯದಲ್ಲಿ ತಪ್ಪುಗಳು ಇನ್ನೂ ಹೆಚ್ಚು. ಸ್ನೋಫ್ಲೇಕ್ ಮತ್ತು ಜೀಬ್ರಾ ಜಾತಿಗಳ ಹಲ್ಲು ಮೊಂಡು. ಅವು ಏಡಿ, ಸಿಗಡಿಗಳ ಚಿಪ್ಪನ್ನು ಪುಡಿಮಾಡಿ ತಿನ್ನುವಂಥವು. ಚೂಪು ಹಲ್ಲಿನ ಜಾತಿಗಳು ಮೀನು ಹಿಡಿಯುವಂಥವಾದ್ದರಿಂದ ತೊಟ್ಟಿಯ ಸಣ್ಣ ಮೀನುಗಳಿಗೆ ಅವುಗಳ ಜೊತೆ ಉಳಿಗಾಲವಿಲ್ಲ. ಬೆಳೆದ ಮೀನಿಗೆ ವಾರಕ್ಕೆ ಎರಡು ಮೂರು ಸಲ ಸಿಗಡಿ, ಸ್ಕ್ವಿಡ್, ಸಮುದ್ರದ ಮೀನಿನ ತುಂಡುಗಳನ್ನು ಬದಲಾಯಿಸುತ್ತ ಕೊಟ್ಟರೆ ಸಾಕು. ಕೆಲವು ಮೀನು, ಸಿಗಡಿಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಅಂಶ ಇರುವುದರಿಂದ ಒಂದೇ ಬಗೆಯ ಆಹಾರವನ್ನು ತಿಂಗಳುಗಟ್ಟಲೆ ಕೊಡಬಾರದು. ತಿನ್ನದೆ ಉಳಿದ ತುಂಡನ್ನು ಒಡನೆಯೇ ತೆಗೆಯದಿದ್ದರೆ ನೀರಿನಲ್ಲಿ ಅಮೋನಿಯ ಏರುತ್ತದೆ. ಹೊಸದಾಗಿ ತಂದ ಮೀನು ಒಂದೆರಡು ವಾರ ಏನನ್ನೂ ಮುಟ್ಟದಿದ್ದರೆ ಗಾಬರಿಯಾಗಬೇಕಿಲ್ಲ, ಆದರೆ ನೀರನ್ನು ಪರೀಕ್ಷಿಸುವುದನ್ನು ಮರೆಯಬಾರದು.

ಕೈಯಿಂದ ತಿನ್ನಿಸುವ ಆಸೆಯನ್ನು ದಯವಿಟ್ಟು ಬಿಡಿ. ಮೊರೇಗೆ ದೃಷ್ಟಿ ಮಂದ, ವಾಸನೆ ಚುರುಕು. ಸಿಗಡಿಯ ವಾಸನೆ ಹತ್ತಿದ ಬೆರಳಿಗೂ ಸಿಗಡಿಗೂ ಅದು ವ್ಯತ್ಯಾಸ ಮಾಡಲಾರದು. ಅದರ ಗಂಟಲಿನಲ್ಲಿರುವ ಎರಡನೆಯ ದವಡೆ ಮುಂದೆ ಚಾಚಿ ಬಂದು ಬೇಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆಂದು ವಿಜ್ಞಾನಿಗಳಾದ ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ 2007ರಲ್ಲಿ ತೋರಿಸಿಕೊಟ್ಟರು. ಉದ್ದನೆಯ ಇಕ್ಕಳವೇ ಕ್ಷೇಮ. ಮೊರೇ ಸದಾ ಬಾಯಿ ತೆರೆದು ಮುಚ್ಚುವುದು ಸಿಟ್ಟಿನಿಂದಲ್ಲ, ಕಿವಿರುಗಳಿಗೆ ನೀರು ಹಾಯಿಸಿ ಉಸಿರಾಡಲು.

ಬೆರಳುದ್ದದ ಮರಿಯನ್ನು ಕಂಡು ಯಾರೂ ಮೋಸಹೋಗಬಾರದು. ಸ್ನೋಫ್ಲೇಕ್ ಅರ್ಧ ಮೀಟರಿಗೂ ಮೀರಿ ಬೆಳೆಯುತ್ತದೆ. ಜಯಂಟ್ ಮೊರೇ 3 ಮೀಟರ್ ಮುಟ್ಟಬಲ್ಲದು, ಅದು ಮನೆಯಲ್ಲಿ ಸಾಕುವ ಪ್ರಾಣಿಯೇ ಅಲ್ಲ. ಮೊರೇ ಜಾತಿಯದೇ ಆದ ನೀಲಿ ಬಣ್ಣದ ರಿಬ್ಬನ್ ಈಲ್ ಹೆಚ್ಚಾಗಿ ಆಹಾರ ಮುಟ್ಟದೆ ಸಾಯುತ್ತದೆ. ‘ಸಿಹಿನೀರಿನ ಮೊರೇ’ ಎಂದು ಮಾರುವ ಮೀನಿಗೂ ಉಪ್ಪು ಬೆರೆತ ನೀರೇ ಬೇಕು. ಆದ್ದರಿಂದ ಮಾರಾಟಗಾರರು ಜಾತಿಯ ಹೆಸರು, ಅದು ಬೆಳೆಯುವ ಉದ್ದ, ನೀರಿನ ಉಪ್ಪಿನ ಪ್ರಮಾಣ, ಆಹಾರ ಮತ್ತು ಮುಚ್ಚಳದ ಅಗತ್ಯ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಹಣ ಪಡೆಯುವ ಮೊದಲೇ ಕೊಳ್ಳುವವರ ಕೈಗೆ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ